ಟುರೋವಾ ದೋಣಿ ಕಟ್ಟಿಹಾಕಿದ ಬೇಸಿಗೆ

ನನ್ನ ತಮ್ಮ ಟುರೋವಾ ಮೊದಲು ಪೈನ್ ಕಾಡಿನಲ್ಲಿ ಮರ ಕಡಿಯುತ್ತಿದ್ದ. ಸರ್ಕಾರ ಕಾಡಿನ ಕೆಲಸ ನಿಲ್ಲಿಸಿದಾಗ ಊರಿನ ಗಂಡಸರೆಲ್ಲ ಕೈಕಟ್ಟಿ ಕೂತರು. ಇವನು ಮಾತ್ರ ತನ್ನ ಮೋಟಾರು ಗರಗಸ ಮಾರಿ, ಟೌಪೋ ಸರೋವರದ ದಡದಲ್ಲಿ ವಾಲಿ ಬಿದ್ದಿದ್ದ ಹಳೆ ಹಾಯಿದೋಣಿಯೊಂದನ್ನು ಎಳೆದು ತಂದ. ಅದರ ಹೊಟ್ಟೆಯಲ್ಲಿ ಹುಲ್ಲು ಬೆಳೆದಿತ್ತು.

"ಕೋಳಿಗೂಡು ಮಾಡ್ತೀಯೇನೋ?" ಎಂದು ದೊಡ್ಡಪ್ಪನ ಮಗ ರೇವಿ ನಗಾಡಿದ.

"ಹೂಂ. ಮೊದಲು ನಿನ್ನನ್ನೇ ಕೂಡಿ ಹಾಕ್ತೀನಿ," ಎಂದ ಟುರೋವಾ.

ವರ್ಷಗಟ್ಟಲೆ ಉಜ್ಜಿ, ಹಲಗೆ ಬದಲಿಸಿ, ಕೊನೆಗೆ ಅದನ್ನು ನೀರಿಗಿಳಿಸಿದ. ಬೆಳ್ಳಕ್ಕಿಯನ್ನು ನಮ್ಮ ಭಾಷೆಯಲ್ಲಿ ಕರೆಯುವ ಹೆಸರನ್ನೇ ಇಟ್ಟ, ಕೋತುಕು ಅಂತ. ಬಾಡಿಗೆಗೆ ಬರುವವರು ಬಹಳ ಇದ್ದರು, ಆದರೆ ಒಂದು ಸಲಕ್ಕೆ ಒಂದೇ ಮನೆಯವರನ್ನು ಹತ್ತಿಸುತ್ತಿದ್ದ. ದೋಣಿ ಅಂದರೆ ಸಂತೆಯಲ್ಲ ಎನ್ನುತ್ತಿದ್ದ. ಹೊರಡುವ ಮೊದಲು ಬೊಗಸೆಯಲ್ಲಿ ನೀರೆತ್ತಿ ತಲೆಗೆ ಚಿಮುಕಿಸಿಕೊಳ್ಳುತ್ತಿದ್ದ. ಅಡುಗೆ ನನ್ನದು. ಊಟದ ಮೇಜಿನ ಮೇಲೆ ಯಾರೂ ಕೂರಬಾರದು, ಟೋಪಿ ಇಡಬಾರದು. ಅಷ್ಟು ಮಾತು ಕೇಳಿದವರಿಗೆ ಬೇಕಾದಷ್ಟು ಬಡಿಸುತ್ತಿದ್ದೆ.

ಪ್ರತಿ ಫೆಬ್ರವರಿಯಲ್ಲೂ ಹ್ಯಾಮಿಲ್ಟನ್‌ನಿಂದ ಲೆನಾರ್ಡ್, ಬೆರಿಲ್ ಎಂಬ ಗಂಡಹೆಂಡಿರು ಬರುತ್ತಿದ್ದರು. ಅವರ ಮದುವೆಯ ದಿನ ಬರುವುದು ಆಗ. ಲೆನಾರ್ಡ್ ಹಾಲಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಮಾತು ಕಮ್ಮಿ. ಬೆರಿಲ್ ಇಬ್ಬರ ಪಾಲಿನದನ್ನೂ ತಾನೇ ಆಡುತ್ತಿದ್ದಳು. ಟ್ರೌಟ್ ಮೀನು ಗಾಳಕ್ಕೆ ಸಿಕ್ಕರೆ ಅದಕ್ಕೂ ಬುದ್ಧಿ ಹೇಳುವಳು: "ಯಾಕೋ ಬಂದೆ, ನಿಮ್ಮಮ್ಮ ಬೇಡ ಅನ್ಲಿಲ್ವಾ?" ಗುಲಾಬಿ ಚಿತ್ರದ ದುಂಡನೆಯ ತಗಡಿನ ಡಬ್ಬಿಯಲ್ಲಿ ಶುಂಠಿ ಕೇಕು ತರುತ್ತಿದ್ದಳು. ಟುರೋವಾ ಯಾರಿಗೂ ಮುಟ್ಟಗೊಡದ ಚುಕ್ಕಾಣಿಯನ್ನು ಅವಳ ಕೈಗೆ ಮಾತ್ರ ಕೊಡುತ್ತಿದ್ದ.

ಆ ವರ್ಷವೂ ಲೆನಾರ್ಡ್ ಫೋನು ಮಾಡಿದ. ಎಷ್ಟು ಜನ ಎಂದರೆ, "ಇಬ್ಬರೇ," ಎಂದ. ದೋಣಿಕಟ್ಟೆಗೆ ಬಂದದ್ದು ಮಾತ್ರ ಒಬ್ಬನೇ, ಕೈಯಲ್ಲೊಂದು ಬುಟ್ಟಿ.

"ಬೆರಿಲ್ ಎಲ್ರೀ?" ಎಂದೆ.

"ಅವಳ ವಿಷಯ ಆಮೇಲೆ ಹೇಳ್ತೀನಿ. ಗಾಳಿ ಚೆನ್ನಾಗಿದೆ, ಹೊರಡೋಣ."

ಜಗಳವಾಗಿರಬೇಕು ಅಂದುಕೊಂಡೆ. ಗಂಡಹೆಂಡಿರ ಜಗಳದೊಳಗೆ ಮೂಗು ತೂರಿಸುವುದು ನನ್ನ ಸ್ವಭಾವವಲ್ಲ.

ಪಡುವಣ ಕೊಲ್ಲಿಯಲ್ಲಿ, ಬಂಡೆ ನೇರ ನೀರಿಗಿಳಿಯುವ ಕಡೆ, ನಾನೂ ಟುರೋವಾನೂ ದೋಣಿಯ ಮುಂಭಾಗಕ್ಕೆ ಹೋಗಿ ಲಂಗರು ಇಳಿಸಿದೆವು. ಲೆನಾರ್ಡ್ ಹಿಂದುಗಡೆ ನಿಂತು ನೀರು ನೋಡುತ್ತಿದ್ದ. ಆಮೇಲೆ ನಾನು ದೋಣಿಯೊಳಗಿನ ಕೋಣೆಗೆ ಇಳಿದು ಮೇಜಿನ ಮೇಲೆ ಕರಿದ ರೊಟ್ಟಿ, ಬೆಣ್ಣೆ, ಹೊಗೆಗಿಟ್ಟ ಮೀನು ಜೋಡಿಸಿದೆ. ಲೆನಾರ್ಡ್ ಇಳಿದು ಬಂದು ತಾನೇ ಎರಡು ಚಹಾ ಕಪ್ಪು ಇಟ್ಟ. ಬುಟ್ಟಿಯಿಂದ ಗುಲಾಬಿಯ ಡಬ್ಬಿ ತೆಗೆದು ಬೆಣ್ಣೆಯ ಪಕ್ಕದಲ್ಲಿರಿಸಿದ. ನನಗೆ ಬಾಯಲ್ಲಿ ನೀರೂರಿತು. ಚಾಕು ತೆಗೆದುಕೊಂಡು ಮುಚ್ಚಳಕ್ಕೆ ಕೈಹಾಕಿದೆ.

"ತೆಗೀಲಾ?"

"ಅದು ಕೇಕಲ್ಲ," ಎಂದ ಲೆನಾರ್ಡ್. "ಅದು ಬೆರಿಲ್."

ಚಾಕು ಕೈಯಲ್ಲೇ ಉಳಿಯಿತು. ಬೆರಿಲ್ ಸತ್ತಳು ಎಂಬ ಸುದ್ದಿ, ಅವಳ ಬೂದಿ ನನ್ನ ರೊಟ್ಟಿಯ ನಡುವೆ ಕೂತಿದೆ ಎಂಬ ಸುದ್ದಿ, ಎರಡೂ ಒಂದೇ ಉಸಿರಿನಲ್ಲಿ ಬಂದು ಎದೆಗೆ ಬಡಿದವು. ಅಳಬೇಕೋ ಓಡಬೇಕೋ ತಿಳಿಯಲಿಲ್ಲ. ಸತ್ತವರು ಮಲಗಿರುವ ಕಡೆ ನಾವು ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಸ್ಮಶಾನದಿಂದ ಹೊರಬಂದರೆ ಕೈತೊಳೆಯದೆ ಯಾರ ಮನೆಗೂ ಹೋಗುವುದಿಲ್ಲ. "ಟುರೋವಾ!" ಎಂದು ಕೂಗಿದ ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವನು ಇಳಿದು ಬಂದು ಡಬ್ಬಿ ನೋಡಿದ, ನನ್ನ ಮುಖ ನೋಡಿದ. ಹೇಳಬೇಕಾಗಲಿಲ್ಲ.

"ಚಳಿಗಾಲದಲ್ಲಿ ಹೋದಳು," ಎಂದ ಲೆನಾರ್ಡ್. "ಈ ಸರೋವರಕ್ಕೇ ಬಿಡಬೇಕು ಅಂತ ಮಾತು ತಗೊಂಡಿದ್ದಳು. ನೀವು ಲಂಗರು ಇಳಿಸ್ತಿದ್ದಾಗ ಅರ್ಧ ಬಿಟ್ಟೆ. ಉಳಿದದ್ದು ಅವಳ ಜೊತೆ ಒಂದು ಚಹಾ ಕುಡಿದಾದ ಮೇಲೆ ಬಿಡೋಣ ಅಂತ..."

ಟುರೋವಾ ಮೆಟ್ಟಿಲ ಮೇಲೆ ಕೂತ. ಸತ್ತವರ ಬೂದಿಯನ್ನು ನೀರಿಗೆ ಬಿಡುವುದೇ ಪುಣ್ಯ ಎನ್ನುವ ಜನ ಇದ್ದಾರಂತೆ, ದೋಣಿಗೆ ಬಂದವರೇ ಹೇಳಿದ್ದು ಕೇಳಿದ್ದೇನೆ. ನಮಗೆ ಹಾಗಲ್ಲ. ನಮ್ಮ ಸತ್ತವರು ಮಣ್ಣಿಗೆ, ನೀರು ಬದುಕಿದವರ ಬಾಯಿಗೆ.

"ಲೆನಾರ್ಡ್, ಈ ನೀರನ್ನ ನಾವು ಕುಡೀತೀವಿ," ಎಂದ ಟುರೋವಾ ಮೆಲ್ಲಗೆ.

"ಇಷ್ಟು ದೊಡ್ಡ ಸರೋವರ ಕಣೋ. ನಾಲ್ಕು ಹಿಡಿ ಬೂದಿ."

"ದೊಡ್ಡದು ಅಂತಾನೇ ಎಲ್ಲರೂ ಏನೇನೋ ತಂದು ಹಾಕೋದು."

ಲೆನಾರ್ಡ್ ಡಬ್ಬಿಯನ್ನು ಎತ್ತಿ ಎದೆಗವಚಿಕೊಂಡ. ನಾನು ಮೇಜಿನ ಮೇಲಿದ್ದದ್ದನ್ನೆಲ್ಲ ಬಟ್ಟೆಯಲ್ಲಿ ಕಟ್ಟಿದೆ, ದಡಕ್ಕೆ ಒಯ್ದು ಹೂಳಲು. ಹಾಯಿ ಬಿಚ್ಚಲಿಲ್ಲ, ಯಂತ್ರ ಹಾಕಿಕೊಂಡೇ ಮರಳಿದೆವು. ಟುರೋವಾ ಹಾಯಿಯಿಲ್ಲದೆ ಊರಿಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕಟ್ಟೆಯ ಮೇಲೆ ಲೆನಾರ್ಡ್ ಅವನ ತೋಳು ಹಿಡಿದ. "ಯಾರೂ ನೋಡಿಲ್ಲ, ಟುರೋವಾ. ನೀನೂ ಊರವರಿಗೆ ಹೇಳಬೇಡ, ನಾನಂತೂ ಬಾಯಿ ಬಿಡಲ್ಲ. ಬೇಸಿಗೆಯ ನಡುಮಧ್ಯ ಇದು, ನಿನ್ನ ಅನ್ನ ಯಾಕೆ ಕಳ್ಕೋತೀಯ?"

"ನಾಳೆ ಆ ಕೊಲ್ಲೀಲಿ ಯಾರೋ ಮೀನು ಹಿಡಿದು ನಮ್ಮಕ್ಕನಿಗೆ ತಂದು ಕೊಡ್ತಾರೆ. ಅಕ್ಕ ಉಪ್ಪು ಹಚ್ಚಿ ಹೊಗೆಗಿಡ್ತಾಳೆ, ಮನೆಯವರೆಲ್ಲ ತಿಂತಾರೆ. ನಾನು ಎದುರು ಕೂತು ನೋಡ್ತಿರಲಾ?"

ಸಂಜೆಗೆ ಸಭಾಮನೆಯಲ್ಲಿ ಜನ ಸೇರಿದರು. ನಮ್ಮ ಹಿರಿಯರಾದ ಅನಾರು ಅಜ್ಜ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು. ಟುರೋವಾ ನಿಂತು ನಡೆದದ್ದೆಲ್ಲ ಹೇಳಿದ, ಲೆನಾರ್ಡ್‌ನ ಹೆಸರೊಂದನ್ನು ಬಿಟ್ಟು. ಬೂದಿ ಎಂಬ ಮಾತು ಬಂದಾಗ ಹೆಂಗಸರು ಬಾಯಿಗೆ ಕೈ ಇಟ್ಟರು. ಒಬ್ಬಳು ಎದ್ದು ಹೊರಗೆ ಹೋಗಿಬಿಟ್ಟಳು. ಅವಳ ಗಂಡ ಅಂದು ಮಧ್ಯಾಹ್ನವೇ ಆ ಕೊಲ್ಲಿಯಿಂದ ಮೀನು ತಂದಿದ್ದ.

"ದೋಣಿ ಜೊತೆಗೆ ಸರೋವರಾನೂ ಬಾಡಿಗೆಗೆ ಕೊಟ್ಟೆಯೇನೋ?" ಎಂದು ರೇವಿ ಕೂಗಿದ. "ಯಾರವನು, ಹೆಸರು ಹೇಳು!"

ಹಿಂದಿನ ಸಾಲಿನಿಂದ ಒಂದು ದನಿ ಬಂತು. "ನಾನೇ."

ಲೆನಾರ್ಡ್! ತನ್ನ ಊರಿಗೆ ಹೊರಟುಹೋದ ಎಂದುಕೊಂಡಿದ್ದೆವು. ಒಳಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕಾಲಲ್ಲಿ ಬೂಟಿಲ್ಲ, ಬಾಗಿಲಲ್ಲಿ ಬಿಟ್ಟಿದ್ದ, ನಮ್ಮ ಪದ್ಧತಿಯಲ್ಲಿ ಅಷ್ಟು ಮಾತ್ರ ಗೊತ್ತಿತ್ತು ಅವನಿಗೆ.

"ಗೊತ್ತಿರಲಿಲ್ಲ," ಎಂದ. "ಕೇಳಬೇಕು ಅನ್ನೋದೂ ಗೊತ್ತಿರಲಿಲ್ಲ. ಅವಳಿಗೆ ಮಾತು ಕೊಟ್ಟಿದ್ದೆ. ಅದನ್ನ ಉಳಿಸ್ಕೊಳ್ಳೋಕೆ ಹೋಗಿ ಇವನ ಮನೆ ಕೆಡಿಸಿದೆ."

ಎಲ್ಲರೂ ಅಜ್ಜನತ್ತ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ.

"ನಿನ್ನ ಹೆಂಡತಿ ಹೆಸರೇನಪ್ಪಾ?" ಎಂದರು ಅಜ್ಜ.

"ಬೆರಿಲ್."

"ಎಲ್ಲಿದಾಳೆ?"

"ಹೊರಗೆ. ಕಾರಲ್ಲಿ."

"ಸತ್ತ ಹೆಂಗಸನ್ನ ಹೊರಗೆ ಒಬ್ಬಳೇ ಕೂರಿಸಿ ನಾವಿಲ್ಲಿ ಜಗಳ ಆಡ್ತಿದೀವಾ? ಕರ್ಕೊಂಡು ಬಾ. ಮೊದಲು ಅವಳಿಗಾಗಿ ಅಳೋಣ. ನೀರಿನ ಮಾತು ಆಮೇಲೆ."

ಲೆನಾರ್ಡ್ ಡಬ್ಬಿ ಹಿಡಿದು ಬಾಗಿಲಿಗೆ ಬಂದಾಗ, ಒಬ್ಬ ಮುದುಕಿ ಎದ್ದು ಕರೆ ಕೊಟ್ಟಳು, ಸತ್ತವರನ್ನು ಮನೆಗೆ ಬರಮಾಡಿಕೊಳ್ಳುವ ಉದ್ದ ದನಿಯ ಕರೆ. ಅದರ ಹಿಂದೆ ನಮ್ಮೆಲ್ಲರ ಅಳು ಎದ್ದಿತು. ಕಂಡಿರದ ಹೆಂಗಸಿಗಾಗಿ ಊರೇ ಅತ್ತಿತು. ಲೆನಾರ್ಡ್ ಹೊಸ್ತಿಲಲ್ಲಿ ಕಲ್ಲಿನಂತೆ ನಿಂತ. ತನ್ನ ಊರಿನಲ್ಲಿ ಅರ್ಧ ಗಂಟೆಯ ಪ್ರಾರ್ಥನೆ, ಒಂದಿಷ್ಟು ಸ್ಯಾಂಡ್‌ವಿಚ್, ಅಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಆಮೇಲೆ ಹೇಳಿದ. ಎದ್ದು ಹೋಗಿ ಅವನ ತೋಳು ಹಿಡಿದು ಒಳಗೆ ಕರೆತಂದವನು ರೇವಿಯೇ.

ಮರುದಿನ ಪಡುವಣ ಕೊಲ್ಲಿಗೆ ರಾಹುಯಿ ಬಿತ್ತು: ದೋಣಿ ಹೋಗಕೂಡದು, ಗಾಳ ಹಾಕಕೂಡದು, ಅಜ್ಜ ಪ್ರಾರ್ಥಿಸಿ ತೆಗೆಯುವವರೆಗೆ. ಉಳಿದ ನೀರೆಲ್ಲ ತೆರೆದೇ ಇತ್ತು. ಆದರೂ ಟುರೋವಾ ಕೋತುಕುವನ್ನು ಕಟ್ಟಿಹಾಕಿದ. ತಪ್ಪನ್ನು ಹೊತ್ತು ಹೋದದ್ದು ತನ್ನ ದೋಣಿ, ಬೇಸಿಗೆ ಮುಗಿಯುವ ತನಕ ಅದು ಕೂರಲಿ ಎಂದ. ಬಾಡಿಗೆಗೆ ಹೇಳಿದ್ದವರಿಗೆಲ್ಲ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ತಿಳಿಸಿದ. ಕೆಲವರು ಬೈದರು. ಒಬ್ಬರು ಹುಚ್ಚನೇನಯ್ಯಾ ಎಂದರು. ಮನೆಯ ಬಾಗಿಲಲ್ಲಿ ಆಗಾಗ ಯಾರೋ ಇಟ್ಟುಹೋದ ಆಲೂಗಡ್ಡೆಯ ಚೀಲವೋ ಹಂದಿಮಾಂಸವೋ ಇರುತ್ತಿತ್ತು. ಒಂದು ಸಲ ರೇವಿ ಸಿಕ್ಕಿಬಿದ್ದ.

"ಕೋಳಿಗೂಡು ಖಾಲಿ ಇದೆಯಂತಲ್ಲ, ನೋಡೋಣ ಅಂತ ಬಂದೆ," ಎಂದು ಸೌದೆ ಇಳಿಸಿದ.

ಉಳಿದ ಬೂದಿಯನ್ನು ಏನು ಮಾಡುವುದೆಂದು ಸಭೆಯಲ್ಲಿ ವಾದ ಎದ್ದಿತು. ಹೊರಗಿನವಳಿಗೆ ನಮ್ಮವರನ್ನು ಹೂಳುವ ಗುಡ್ಡದಲ್ಲಿ ಜಾಗ ಯಾಕೆ ಎಂದರು ಕೆಲವರು. "ಅರ್ಧ ನಮ್ಮ ನೀರಲ್ಲೇ ಇದಾಳಲ್ಲ," ಎಂದರು ಅಜ್ಜ. "ಇನ್ನು ಹೊರಗಿನವಳು ಅನ್ನೋಕೆ ಏನು ಉಳೀತು?" ಕೊಲ್ಲಿ ಕಾಣುವ ಕಡೆ, ನಮ್ಮವರ ಸಾಲಿನ ತುದಿಗೆ, ಡಬ್ಬಿಯ ಸಮೇತ ಮಣ್ಣು ಮಾಡಿದೆವು. ಲೆನಾರ್ಡ್ ಹೆಂಡತಿಗೆ ಕೊಟ್ಟ ಮಾತಿನಲ್ಲಿ ಅರ್ಧ ನಿಂತಿತು, ಅರ್ಧ ಮುರಿಯಿತು. ಅದು ಅವನನ್ನು ಕೊರೆಯುತ್ತಿತ್ತು ಎಂದು ನನಗೆ ಗೊತ್ತು.

ಮುಂದಿನ ಫೆಬ್ರವರಿಗೆ ಮತ್ತೆ ಫೋನು ಬಂತು. ಎಷ್ಟು ಜನ ಎಂದು ಕೇಳಿದ ಟುರೋವಾ. ಒಬ್ಬನೇ ಎಂಬ ಉತ್ತರ ಬಂತು.

ಕಟ್ಟೆಗೆ ಬರುವ ಮುಂಚೆ ಲೆನಾರ್ಡ್ ಗುಡ್ಡಕ್ಕೆ ಹೋಗಿ ಬಂದ. ದೋಣಿಯಿಂದಲೇ ನೋಡುತ್ತಿದ್ದೆ. ಬೇಲಿಯ ಬಾಗಿಲಲ್ಲಿ ನಿಂತು, ಯಾರೂ ಹೇಳದೆ, ನಲ್ಲಿ ತಿರುಗಿಸಿ ಕೈತೊಳೆದುಕೊಂಡ. ತಲೆಗೂ ಒಂದಿಷ್ಟು ಚಿಮುಕಿಸಿಕೊಂಡ.

ಊರ ಕಟ್ಟೆ ದಾಟಿದ ಮೇಲೆ ಟುರೋವಾ ಚುಕ್ಕಾಣಿಯಿಂದ ಸರಿದು ನಿಂತ. "ಹಿಡ್ಕೊಳ್ಳಿ."

"ನನಗೆ ಬರಲ್ಲ ಕಣೋ, ಅವಳಿಗೆ ಬರ್ತಿತ್ತು."

"ಅವಳಿಗೂ ಬರ್ತಿರಲಿಲ್ಲ. ನಾನು ಹೇಳಿರಲಿಲ್ಲ ಅಷ್ಟೇ."

ದೋಣಿ ಕುಡಿದವನ ಹಾಗೆ ಅತ್ತಿತ್ತ ಓಲಾಡಿಕೊಂಡು, ರಾಹುಯಿ ತೆಗೆದಾಗಿದ್ದ ಪಡುವಣ ಕೊಲ್ಲಿಗೆ ಹೋಯಿತು. ನಾನು ಮೇಜಿನ ಮೇಲೆ ಊಟ ಜೋಡಿಸಿದೆ. ಲೆನಾರ್ಡ್ ಬುಟ್ಟಿಯಿಂದ ಕೇಕು ತೆಗೆದಿಟ್ಟ, ತಾನೇ ಮಾಡಿದ್ದು, ಒಂದು ಬದಿ ಕರಕಲು. ತಂದದ್ದು ಗಾಜಿನ ಡಬ್ಬಿಯಲ್ಲಿ. ಒಳಗೇನಿದೆ ಎಂದು ಮೆಟ್ಟಿಲ ಮೇಲಿನಿಂದಲೇ ಕಾಣುತ್ತಿತ್ತು.

ಆದರೂ ನಾನು ಚಾಕು ಹಿಡಿದು, ಅವನ ಮುಖ ನೋಡಿ, ಕೇಳಿಯೇ ಕೇಳಿದೆ.

"ತೆಗೀಲಾ?"