ದೊಡ್ಡಮ್ಮ ಮಡಿ ಮಾಡಿದ ಪ್ಲಾಸ್ಟಿಕ್

ಪ್ರೋಟೀನ್ ಗುರುತಿಸುವ ಪ್ಲಾಸ್ಟಿಕ್ ತಯಾರಿಸುವುದು ನನ್ನ ಕೆಲಸ ಎಂದರೆ ನೆಂಟರಲ್ಲಿ ಯಾರೂ ಆಸಕ್ತಿ ತೋರಿಸಲಿಲ್ಲ. ಕೇಕಿನಲ್ಲಿ ಮೊಟ್ಟೆ ಇದ್ದರೆ ಆ ಪ್ಲಾಸ್ಟಿಕ್ ಪಟ್ಟಿ ನೀಲಿಯಾಗುತ್ತದೆ ಎಂದೆ ನೋಡಿ, ಬೇಲೂರಿನ ದೊಡ್ಡಪ್ಪನ ಕಿವಿ ನೆಟ್ಟಗಾಯಿತು.

ದೇವಸ್ಥಾನದ ಕೆಲಸದಿಂದ ನಿವೃತ್ತರಾದ ದೊಡ್ಡಪ್ಪನಿಗೆ ಇದ್ದದ್ದು ಒಂದೇ ಚಟ: ಸಂಜೆ ಬೇಕರಿಯಿಂದ ಒಂದು ತುಂಡು ಕೇಕ್. ಅದರಲ್ಲಿ ಮೊಟ್ಟೆ ಇರುತ್ತದೆ ಎಂದು ಎಲ್ಲರೂ ರೇಗಿಸುತ್ತಿದ್ದರು.

"ತಗೊಂಡು ಬಾರೇ ನಿನ್ನ ಪಟ್ಟೀನ. ಇವರೆಲ್ಲರ ಬಾಯಿ ಮುಚ್ಚಿಸ್ತೀನಿ. ಮೊಟ್ಟೆ ಇದ್ರೆ ಈ ಜನ್ಮದಲ್ಲಿ ಕೇಕ್ ಮುಟ್ಟಲ್ಲ," ಎಂದು ದೇವರ ಮುಂದೆ ನಿಂತು ಹೇಳಿಬಿಟ್ಟರು. ಮಾತು ತಪ್ಪುವ ಆಸಾಮಿಯಲ್ಲ.

ಹತ್ತು ಪಟ್ಟಿ ಹಿಡಿದು ಅರಸೀಕೆರೆಯಲ್ಲಿ ರೈಲಿಳಿದೆ. ಹಳೇಬೀಡು ದಾಟುವವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ನಾನು ಮನೆ ಸೇರಿದ್ದೇ ದೊಡ್ಡಪ್ಪ ಕೇಕ್ ತರಲು ಹೊರಟರು, ದೊಡ್ಡಮ್ಮನ ವಿಚಾರಣೆ ಶುರುವಾಯಿತು.

"ಇದನ್ನ ಹೇಗೆ ಮಾಡ್ತೀರೇ?"

"ಸಂಕ್ರಾಂತಿ ಸಕ್ಕರೆ ಅಚ್ಚಿನ ಹಾಗೆ, ದೊಡ್ಡಮ್ಮ. ಮೊಟ್ಟೆಯ ಪ್ರೋಟೀನ್ ಸುತ್ತ ಪ್ಲಾಸ್ಟಿಕ್ ಗಟ್ಟಿ ಮಾಡ್ತೀವಿ. ಆಮೇಲೆ ಪ್ರೋಟೀನ್ ತೊಳೆದು ತೆಗೆದ್ರೆ ಅದರದೇ ಆಕಾರದ ಗುಳಿ ಉಳಿಯುತ್ತೆ. ಅದೇ ಪ್ರೋಟೀನ್ ಮತ್ತೆ ಬಂದ್ರೆ ಅಲ್ಲೇ ಹೋಗಿ ಕೂರುತ್ತೆ."

"ಅಂದ್ರೆ ಇದರಲ್ಲಿ ಮೊಟ್ಟೆ ಕೂತು ಎದ್ದಿದೆ!"

"ತೊಳೆದಿದ್ದೀವಿ."

"ನಾನು ನೋಡಿಲ್ವಲ್ಲ."

ಹೊಸ ಟಿವಿ ರಿಮೋಟನ್ನೇ ತೊಳೆದು ಬಿಸಿಲಿಗಿಟ್ಟ ಮಹಾತಾಯಿ ಅವರು. ಆದರೂ ಪಟ್ಟಿಗಳ ಡಬ್ಬಿ ಅಲ್ಲೇ ಬಿಟ್ಟು ಸ್ನಾನಕ್ಕೆ ಹೋದ ದಡ್ಡಿ ನಾನು. ಬಂದು ನೋಡಿದರೆ ಒಲೆಯ ಮೇಲೆ ಅರಿಶಿನದ ನೀರು ಕುದಿಯುತ್ತಿತ್ತು. ನನ್ನ ಒಂಬತ್ತು ಪಟ್ಟಿಗಳು ಹಳದಿಯಾಗಿ, ಕ್ಲಿಪ್ಪು ಹಾಕಿಸಿಕೊಂಡು, ದೊಡ್ಡಪ್ಪನ ಪಂಚೆಯ ಪಕ್ಕದಲ್ಲಿ ತಂತಿಯ ಮೇಲೆ ನೇತಾಡುತ್ತಿದ್ದವು. ತಿಂಗಳುಗಟ್ಟಲೆ ಮಾಡಿದ ಕೆಲಸ! ಮೈಯೆಲ್ಲ ಉರಿದುಹೋಯಿತು.

"ಪರವಾಗಿಲ್ಲ, ಪರ್ಸಲ್ಲಿ ಇನ್ನೊಂದಿದೆ," ಎಂದೆ, ಹಲ್ಲು ಕಚ್ಚಿಕೊಂಡು.

ದೊಡ್ಡಮ್ಮನ ಮುಖ ಬಾಡಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಕೇಕಲ್ಲಿ ಮೊಟ್ಟೆ ಇರೋದು ನನಗೆ ಮೊದಲ ದಿನವೇ ವಾಸನೆಯಲ್ಲೇ ಗೊತ್ತಾಯ್ತು ಕಣೇ. ಕೆಲಸ ಬಿಟ್ಟ ಮೇಲೆ ಇವರು ಸಂಜೆಗೆ ಕಾಯೋದೇ ಅದೊಂದಕ್ಕೆ. ಅದನ್ನೂ ಕಿತ್ಕೋಬೇಡ."

ಮಡಿಗೆ ಹೆಸರಾದ ದೊಡ್ಡಮ್ಮ! ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಗೇಟು ಕಿರುಗುಟ್ಟಿತು. ಪರ್ಸಿನಿಂದ ಹತ್ತನೇ ಪಟ್ಟಿ ತೆಗೆದು ನಾನೇ ಅರಿಶಿನದ ನೀರಿಗೆ ಹಾಕಿದೆ.

ದೊಡ್ಡಪ್ಪ ಪೊಟ್ಟಣ ಬಿಚ್ಚುತ್ತಲೇ ಒಳಗೆ ಬಂದರು. "ಎಲ್ಲಿ, ಶುರು ಮಾಡು!"

"ಪಟ್ಟಿ ಎಲ್ಲಾ ಕೆಟ್ಟುಹೋಯ್ತು ದೊಡ್ಡಪ್ಪ. ಪರೀಕ್ಷೆ ಆಗಲ್ಲ."

"ಅಯ್ಯೋ, ಛೆ!" ಎಂದವರ ಬಾಯಲ್ಲಿ ಆಗಲೇ ಅರ್ಧ ಕೇಕ್ ಇತ್ತು.