ಅಕ್ಕ ತೆರೆದಿಟ್ಟ ಪುಟ

ಹೋದ ವಾರ ಬಾದಾಮಿಯ ನಮ್ಮ ಬಾಡಿಗೆ ಮನೆಗೆ ಅಡುಗೆಕಟ್ಟೆಯ ಗ್ರಾನೈಟ್ ಕೂಡಿಸಲು ಇಬ್ಬರು ಬಂದಿದ್ದರು. ಒಬ್ಬ ಅಂಗಳದಲ್ಲಿ ಕಲ್ಲು ಕೊರೆಯುತ್ತಿದ್ದ, ಇನ್ನೊಬ್ಬ ಮೇಲೆ ನೀರು ಬಿಡುತ್ತಿದ್ದ. ಹಸಿ ಕಲ್ಲಿನ ಆ ವಾಸನೆ ಒಳಗೆ ಬಂದದ್ದೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕುಳಿತೆ. ಅಕ್ಕ ಇಳಕಲ್ಲಿನಿಂದ ತಿರುಗಿ ಬಂದ ದಿನಗಳಲ್ಲಿ ಅವಳ ವೇಲಿಗೂ ಇದೇ ವಾಸನೆ ಇರುತ್ತಿತ್ತು…

ಅವಳು ನನ್ನ ಒಡಹುಟ್ಟಿದವಳಲ್ಲ. ಬಾಗಲಕೋಟೆಯಲ್ಲಿ ನಾನು ಸ್ನಾತಕೋತ್ತರ ಓದಿಗೆ ಸೇರಿದಾಗ ಅದೇ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹಿರಿಯಳು. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಗಳ ದೂಳು ಕೆಲಸಗಾರರ ಎದೆಗೆ ಏನು ಮಾಡುತ್ತದೆ ಎಂಬುದು ಅವಳ ವಿಷಯ. ಒಂದು ಸಣ್ಣ ಕೊಳವೆಯನ್ನು ಅವರ ಬಾಯಿಗೆ ಕೊಟ್ಟು ಊದಿಸಿ, ಉಸಿರಿನ ಬಲ ಅಳೆದುಕೊಂಡು ಬರುತ್ತಿದ್ದಳು.

ನಮ್ಮ ವಿಭಾಗದಲ್ಲಿ ಪ್ರತಿಯೊಬ್ಬರೂ ಇ-ಪೋರ್ಟ್‌ಫೋಲಿಯೊ ಇಡಬೇಕಿತ್ತು. ಕಲಿತದ್ದು, ಮಾಡಿದ್ದು, ಅದಕ್ಕೆ ಪುರಾವೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೆಡೆ ಸೇರಿಸುತ್ತ ಹೋಗಬೇಕು, ಮುಂದೆ ಕೆಲಸ ಕೇಳುವಾಗ ಅದನ್ನೇ ತೋರಿಸಬೇಕು. ದಿನಚರಿ ಬರೆಯುವ ಚಟದವಳಾದ ನಾನು ತಾರೀಖು, ತಾಸು, ಓದಿದ ಪುಟ ಎಂದು ಕೋಷ್ಟಕ ಹಾಕಿದ್ದೆ. ಅಕ್ಕ ನೋಡಿ ನಕ್ಕಳು.

"ಇದೇನ ತಂಗಿ, ಹಾಜರಿ ಪುಸ್ತಕೇನು? ಎಷ್ಟ ತಾಸ ಕುಂತಿ ಅನ್ನೂದು ಯಾರಿಗೆ ಬೇಕು? ಎಲ್ಲಿ ತಪ್ಪಿದಿ, ತಪ್ಪಿದ ಮ್ಯಾಲ ಏನ ತಿಳೀತು, ಅದನ್ನ ಬರಿ."

ಅವಳ ಪುಟಗಳು ಹಾಗೇ ಇದ್ದವು. ಕೆಲವರನ್ನು ಕೂರಿಸಿ, ಕೆಲವರನ್ನು ನಿಲ್ಲಿಸಿ ಊದಿಸಿದ್ದು ತನ್ನ ತಪ್ಪು, ಆ ಅಳತೆಗಳು ಕೆಲಸಕ್ಕೆ ಬಾರವು ಎಂದು ಒಂದು ಕಡೆ ಬರೆದಿದ್ದಳು. ಇನ್ನೊಂದು ಕಡೆ, ಅವಳು ಕಾಕಾ ಎಂದು ಕರೆಯುತ್ತಿದ್ದ ಹಿರಿಯ ಕೆಲಸಗಾರನ ಫೋಟೋ ಇತ್ತು. ಕೆಳಗೆ ಅವರ ಹೆಸರು, ಅವರದೇ ಮಾತು: ಅಂಚು ಉಜ್ಜುವಾಗ ಮಾಲೀಕ ನೀರು ಬಿಡಗೊಡುವುದಿಲ್ಲ, ಒಣ ಕಲ್ಲನ್ನೇ ಉಜ್ಜಬೇಕು, ದೂಳೆಲ್ಲ ಒಳಗೇ ಹೋಗುತ್ತದೆ. ಆ ಪುಟಕ್ಕೆ ಬೀಗವಿತ್ತು. ಅವಳು ಮತ್ತು ಅವಳ ಮಾರ್ಗದರ್ಶಕರ ಹೊರತು ಯಾರೂ ತೆರೆಯುವಂತಿರಲಿಲ್ಲ; ನನಗೂ ತನ್ನ ಫೋನಿನಲ್ಲೇ ಒಮ್ಮೆ ತೋರಿಸಿದ್ದಳು.

ಅವಳ ಫೆಲೋಶಿಪ್ ಮುಗಿದ ವರ್ಷವೇ ಕಾಲೇಜೊಂದರಿಂದ ಉಪನ್ಯಾಸಕಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಆ ಕೆಲಸ ಸಿಕ್ಕರೆ ಸಂಬಳದಲ್ಲಿ ಸಂಶೋಧನೆ ಮುಗಿಸಬಹುದು, ಇಲ್ಲದಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಸಂದರ್ಶನದ ಹಿಂದಿನ ದಿನ ಕಾಲೇಜಿನ ಗುಮಾಸ್ತರು ಫೋನ್ ಮಾಡಿ, ಕಳಿಸಿದ ಲಿಂಕ್ ತೆರೆಯುತ್ತಿಲ್ಲ, ಪಾಸ್‌ವರ್ಡ್ ಕೇಳುತ್ತಿದೆ ಎಂದರು. ಅಕ್ಕ ಹುನಗುಂದ ಬಸ್ ನಿಲ್ದಾಣದಲ್ಲಿ ನಿಂತೇ ಎಲ್ಲ ಪುಟಗಳ ಬೀಗ ಒಟ್ಟಿಗೇ ತೆಗೆದಳು, ಕಾಕಾನ ಪುಟದ್ದೂ. ಫಲಿತಾಂಶ ಬಂದ ಮೇಲೆ ಮತ್ತೆ ಹಾಕಿದರಾಯಿತು ಎಂದುಕೊಂಡಳು.

ಸಂದರ್ಶಕರೊಬ್ಬರಿಗೆ ಕೆಲಸ ಬಹಳ ಹಿಡಿಸಿತಂತೆ. ಮೆಚ್ಚಿಕೊಂಡೇ ಲಿಂಕನ್ನು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅದು ಇನ್ನೆಷ್ಟು ಗುಂಪು ದಾಟಿತೋ… ಘಟಕದ ಮಾಲೀಕನ ಫೋನಿಗೂ ಬಂತು. ಮರುದಿನವೇ ಕಾಕಾನ ಕೆಲಸ ಹೋಯಿತು. ಬೇರೆ ಘಟಕದವರೂ ಒಳಗೆ ಬಿಡಲಿಲ್ಲ.

ಸುದ್ದಿ ತಿಳಿದ ದಿನ ನಾನೂ ಅಕ್ಕನ ಜೊತೆ ಇಳಕಲ್ಲಿಗೆ ಹೋದೆ. ಬಸ್ಸಿನಲ್ಲಿ ಅವಳು ಫೋನಿನಲ್ಲಿ ಪೋರ್ಟ್‌ಫೋಲಿಯೊ ತೆರೆದುಕೊಂಡಿದ್ದಳು. ಒಂದೊಂದೇ ಪುಟ, ಒಂದೊಂದೇ ಫೋಟೋ ಅಳಿಸುತ್ತ ಕುಳಿತಿದ್ದಳು. ಬಾಗಿಲಲ್ಲಿ ಕಾಕಾನ ಹೆಂಡತಿ ನಿಂತಿದ್ದರು. ಬೈಯಲಿಲ್ಲ.

"ನಿನ್ನ ಪರೀಕ್ಷಾಕ ಅಂತ ತಿಳದು ಹೇಳಿದ್ವಿ ಯವ್ವಾ. ಊರಿಗೆಲ್ಲಾ ಓದಿ ಹೇಳತಿ ಅಂತ ಗೊತ್ತಿರಲಿಲ್ಲ," ಎಂದರು.

ಕಾಕಾ ಒಳಗಿನಿಂದ ಕೆಮ್ಮುತ್ತ ಎದ್ದು ಬಂದು ನಮ್ಮನ್ನು ಕೂರಿಸಿದರು, ಚಹಾ ಇಡಲು ಹೇಳಿದರು. ಆಮೇಲೆ ನಗಲು ನೋಡಿದರು.

"ಫೋಟೋ ಭಾಳ ಛಲೋ ಬಂದೈತಿ ಅಂತಾರ ಎಲ್ಲಾರೂ. ನಾನೇ ನೋಡಿಲ್ಲ. ತೋರಸ ನೋಡೂಣು."

ಅಕ್ಕ ಫೋನನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೇ ಇದ್ದಳು. ತೋರಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಆಯ್ಕೆಯಾದವರ ಹೆಸರು ಬಂದಾಗ ಅವಳದೇ ಮೊದಲಿತ್ತು. ಅವಳು ಕೆಲಸಕ್ಕೆ ಹೋಗಲಿಲ್ಲ. ಇನ್ನು ಮೇಲೆ ಫೋಟೋಗಳಲ್ಲಿ ಮುಖ ಮಸುಕು ಮಾಡಿ ಸಂಶೋಧನೆ ಮುಂದುವರಿಸು ಎಂದು ಮಾರ್ಗದರ್ಶಕರು ಹೇಳಿ ನೋಡಿದರು. ಆದರೆ ಇಳಕಲ್ಲಿನಲ್ಲಿ ಆಮೇಲೆ ಒಬ್ಬರೂ ಅವಳ ಕೊಳವೆಗೆ ಬಾಯಿ ಇಡಲಿಲ್ಲ. ವರ್ಷ ತುಂಬುವ ಮೊದಲೇ ಕಾಕಾ ತೀರಿಕೊಂಡರು. ದೂಳಿನಿಂದಲೋ, ಕೆಲಸವಿಲ್ಲದೆ ಕುಗ್ಗಿಯೋ, ಹೇಳಬಲ್ಲವರು ಯಾರೂ ಇರಲಿಲ್ಲ. ಅಕ್ಕ ಕಲಾದಗಿಯಲ್ಲಿ ಬಳಗದವರ ಮನೆಯಲ್ಲಿದ್ದಾಳೆ ಎಂದು ಕೇಳಿ ಹೋದೆ. ಅಲ್ಲಿಂದಲೂ ಹೊರಟುಹೋಗಿದ್ದಳು. ಎಲ್ಲಿಗೆ ಎಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ…

ಈಗ ನಾನೇ ಸ್ನಾತಕೋತ್ತರ ಮಕ್ಕಳಿಗೆ ಪೋರ್ಟ್‌ಫೋಲಿಯೊ ಇಡುವುದನ್ನು ಕಲಿಸುತ್ತೇನೆ. ಮೌಲ್ಯಮಾಪನದಲ್ಲಿ ಒಪ್ಪಿಗೆಗೆಂದೇ ಒಂದು ಸಾಲು ಇದೆ, ಅದಕ್ಕೆ ಅಂಕವೂ ಇದೆ. 'ಭಾಗವಹಿಸಿದವರ ಒಪ್ಪಿಗೆ ಪಡೆಯಲಾಗಿದೆ' ಎಂದು ಎಲ್ಲರೂ ಒಬ್ಬರದನ್ನೊಬ್ಬರು ನೋಡಿ ಬರೆದಿರುತ್ತಾರೆ. ಅಷ್ಟು ಸಾಲದು ಎಂದು ಹೇಳುತ್ತೇನೆ. ಮತ್ತೇನು ಬರೆಯಬೇಕು ಮೇಡಂ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಹೇಳಿಕೊಡಬಲ್ಲವಳು ಅಕ್ಕ ಒಬ್ಬಳಿದ್ದಳು. ನಿನ್ನೆಯೂ ಆ ಸಾಲಿಗೆ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟು ಬಂದೆ.

ಕಾಕಾ ಕೂಡ ಒಪ್ಪಿಗೆ ಕೊಟ್ಟಿದ್ದರು.