ರಿಪೇರಿ ಮಾವನ ಅಸ್ಥಿಪಂಜರಗಳು

ಭಾನುವಾರ ಮಧ್ಯಾಹ್ನ ಫ್ಯಾನ್ ರಿಪೇರಿಯ ನಮ್ಮ ಮಾವ ಅಂಗಡಿಯ ಬಾಗಿಲು ಅರ್ಧ ಎಳೆದು ಮಂತ್ರವಾದಿಯಾಗುತ್ತಾರೆ. ನಾವೆಲ್ಲ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಕಥೆಯಾಟದಲ್ಲಿ ಸತ್ತವರನ್ನು ಎಬ್ಬಿಸಿ ಸೈನ್ಯ ಕಟ್ಟುವುದು ಅವರ ಕೆಲಸ. ಕಾಯಿಗಳಾಗಿ ಜೋಡಿಸಿಟ್ಟ ಒಂದೊಂದು ಸ್ಕ್ರೂ ಒಂದೊಂದು ಅಸ್ಥಿಪಂಜರ. ಕೈ ಕಳಚಿದವನನ್ನು ಯುದ್ಧದ ನಡುವೆಯೇ ಕೂರಿಸಿಕೊಂಡು ರಿಪೇರಿಗಿಳಿಯುತ್ತಾರೆ. "ಮಾವ, ಶತ್ರು ಬಾಗಿಲಿಗೆ ಬಂದ!" ಎಂದರೆ, "ನಿಲ್ಲಲಿ, ಮೊದಲು ಬಂದ ಗಿರಾಕಿ ಇವನು" ಎನ್ನುತ್ತಾರೆ. ಅವರು ಎಬ್ಬಿಸದೆ ಬಿಟ್ಟ ಹೆಣ ಒಂದೇ. ನಮ್ಮೊಂದಿಗೆ ಆಡುತ್ತಿದ್ದ ಪಕ್ಕದಂಗಡಿಯ ದರ್ಜಿ ತೀರಿಕೊಂಡಾಗ, ಆ ದರ್ಜಿಯ ಪಾತ್ರವಾಗಿದ್ದ ಕತ್ತಿವೀರನನ್ನೂ ಆಟದ ಕೋಟೆಯಂಗಳದಲ್ಲಿ ಹೂತಿದ್ದೆವು. ಮೊನ್ನೆ ಕೋಟೆ ಇನ್ನೇನು ಬೀಳುವಾಗ, "ಅವನನ್ನು ಎಬ್ಬಿಸಿ ಮಾವ, ಎದ್ದವರು ನೀವು ಹೇಳಿದ್ದೆಲ್ಲ ಕೇಳ್ತಾರಲ್ಲ!" ಎಂದು ಕಾಡಿದೆವು. ಮಾವ ದಾಳ ಕೆಳಗಿಟ್ಟರು. ಕೋಟೆ ಹೋಯಿತು. "ಬದುಕಿದ್ದಾಗ ಒಂದು ದಿನವೂ ನನ್ನ ಮಾತು ಕೇಳಿದವನಲ್ಲ. ಈಗ ಕೇಳಿಬಿಟ್ಟರೆ ನನಗೆ ತಡೆಯೋಕಾಗಲ್ಲ ಕಣ್ರೋ" ಎಂದರು.